ಕಾಲ್‌ಬ್ಯಾಕ್‌ನಿಂದ ಪ್ರಾಮಿಸ್‌ಗೆ: ಪ್ರಾಕ್ಸಿಯ ನೆರವು

ಬನ್ನಂಜೆಯ ದರ್ಜಿಯೊಬ್ಬರಿಗೆ ಬಟ್ಟೆ ಹೊಲಿಯಲು ಕೊಟ್ಟಿದ್ದೀರಿ ಎಂದು ಭಾವಿಸಿ. ‘ಹೊಲಿದಾದ ಮೇಲೆ ಈ ಸಂಖ್ಯೆಗೆ ಕರೆ ಮಾಡಿ’ ಎಂದು ಹೇಳಿ ಬಂದರೆ ಅದು ಕಾಲ್‌ಬ್ಯಾಕ್. ಅವರು ನಿಮಗೊಂದು ಚೀಟಿ ಕೊಟ್ಟರೆ ಅದು ಪ್ರಾಮಿಸ್. ಚೀಟಿ ನಿಮ್ಮ ಕೈಯಲ್ಲಿರುವುದರಿಂದ ಮುಂದಿನ ಕೆಲಸವನ್ನು ನೀವೇ ಜೋಡಿಸಿಕೊಳ್ಳಬಹುದು.

ಜಾವಾಸ್ಕ್ರಿಪ್ಟ್‌ನ ಹಳೆಯ ಮೆಥಡ್‌ಗಳಲ್ಲಿ ಅನೇಕವು ಮೊದಲನೆಯ ಬಗೆಯವು. ನೋಡ್ ಪದ್ಧತಿಯಲ್ಲಿ ಕಾಲ್‌ಬ್ಯಾಕ್ ಕೊನೆಯ ಆರ್ಗ್ಯುಮೆಂಟ್; ಅದಕ್ಕೆ ಮೊದಲು ದೋಷ, ಅನಂತರ ಫಲಿತಾಂಶ ತಲುಪುತ್ತದೆ.

2015ರ ಇಎಸ್6 ಆವೃತ್ತಿಯಲ್ಲಿ ಪ್ರಾಮಿಸ್, ಪ್ರಾಕ್ಸಿ ಎರಡೂ ಭಾಷೆಗೆ ಸೇರಿದವು. ಪ್ರಾಕ್ಸಿ ಎಂದರೆ ಮೂಲ ಆಬ್ಜೆಕ್ಟ್‌ನ ಮುಂದೆ ನಿಲ್ಲುವ ಪ್ರತಿನಿಧಿ. ನೀವು ಮೆಥಡ್‌ನ ಹೆಸರು ಹೇಳಿದೊಡನೆ ಅದರ ‘ಗೆಟ್’ ಟ್ರ್ಯಾಪ್ ಆ ಕೋರಿಕೆಯನ್ನು ತಡೆದು, ಹೊಸ ಫಂಕ್ಷನ್ ಒಂದನ್ನು ಕೊಡುತ್ತದೆ. ಅದು ಮೂಲ ಮೆಥಡ್‌ಗೆ ತನ್ನದೇ ಕಾಲ್‌ಬ್ಯಾಕ್ ಸೇರಿಸಿ ಕರೆದು, ನಿಮಗೆ ಪ್ರಾಮಿಸ್ ಹಿಂತಿರುಗಿಸುತ್ತದೆ. ದೋಷ ಬಂದರೆ ರಿಜೆಕ್ಟ್, ಇಲ್ಲವಾದರೆ ರಿಸಾಲ್ವ್. ನೂರು ಮೆಥಡ್‌ಗಳಿದ್ದರೂ ಬರೆಯಬೇಕಾದ ಹೊದಿಕೆ ಒಂದೇ!

ಎರಡು ಎಚ್ಚರಿಕೆಗಳಿವೆ. ಮೂಲ ಮೆಥಡನ್ನು ಕರೆಯುವಾಗ ‘ದಿಸ್’ ಮೂಲ ಆಬ್ಜೆಕ್ಟನ್ನೇ ಸೂಚಿಸಬೇಕು. ಕಾಲ್‌ಬ್ಯಾಕ್ ಬಳಸದ ಮೆಥಡನ್ನೂ ಹೀಗೆ ಹೊದಿಸಿದರೆ ಪ್ರಾಮಿಸ್ ಎಂದೂ ಈಡೇರದು. ಅದಕ್ಕಾಗಿ ಕಾದ ಸಾಲುಗಳು ನಡೆಯುವುದಿಲ್ಲ, ದೋಷದ ಸೂಚನೆಯೂ ಬರುವುದಿಲ್ಲ. ಆದ್ದರಿಂದ ಪರಿವರ್ತಿಸಬೇಕಾದ ಮೆಥಡ್‌ಗಳ ಪಟ್ಟಿಯನ್ನು ಪ್ರಾಕ್ಸಿಗೆ ಮೊದಲೇ ಕೊಡುವುದು ಕ್ಷೇಮ.