ಮಾಸಿದ ಬಿಳುಪಿಗೆ ಹೊಂದುವ ಬಣ್ಣ

ಮಲ್ಪೆಯ ಬಂದರಿನಲ್ಲಿ ಕಾಣುವ ಫೈಬರ್ ದೋಣಿಗಳ ಹೊರಮೈಗೆ ಹೊಳಪು ಕೊಡುವುದು ಸಾಮಾನ್ಯವಾಗಿ ಮೇಲೆ ಬಳಿದ ಪೇಂಟ್ ಅಲ್ಲ. ಅಚ್ಚಿಗೆ ಮೊದಲು ಹಚ್ಚಿ, ಅದರ ಹಿಂದೆ ಗಾಜಿನ ನಾರನ್ನು ರಾಳದೊಂದಿಗೆ ಕೂರಿಸುವ, ಸುಮಾರು ಅರ್ಧ ಮಿಲಿಮೀಟರ್ ದಪ್ಪದ, ಬಣ್ಣ ಬೆರೆಸಿದ ಪಾಲಿಯೆಸ್ಟರ್ ರಾಳದ ಪದರ, ಅಂದರೆ ಜೆಲ್‌ಕೋಟ್. ವರ್ಷಗಟ್ಟಲೆ ಬಿಸಿಲು ತಿಂದ ಈ ಪದರವು ಹಳದಿಗಟ್ಟುತ್ತದೆ, ಇಲ್ಲವೆ ಸುಣ್ಣದ ಪುಡಿಯಂತೆ ಬೆರಳಿಗೆ ಹತ್ತುತ್ತದೆ. ಆದ್ದರಿಂದ ತಯಾರಕರ ಮೂಲ ಬಣ್ಣವನ್ನೇ ತಂದು ಗೀರಿಗೆ ತುಂಬಿದರೂ ತೇಪೆ ಎದ್ದು ಕಾಣುತ್ತದೆ.

ಬಣ್ಣ ಹೋಲಿಸುವ ಮೊದಲು ಗೀರಿನ ಸುತ್ತಲಿನ ಜಾಗವನ್ನು ತೊಳೆದು, ಪಾಲಿಶ್ ಉಜ್ಜಿ, ಪುಡಿಯ ಕೆಳಗಿರುವ ನಿಜವಾದ ಬಣ್ಣ ಹೊರಬರುವಂತೆ ಮಾಡಬೇಕು. ಎಲ್ಲಕ್ಕಿಂತ ತೊಡಕಿನದು, ವಿಚಿತ್ರವೆನಿಸಿದರೂ, ಬಿಳಿಯೇ: ಬರೀ ಬಿಳುಪೆಂದು ತೋರುವುದರಲ್ಲಿ ಹಳದಿ, ಕಪ್ಪು, ಕಂದುಗಳ ಎಳೆ ಅಡಗಿರುವುದರಿಂದ, ಬಿಳಿ ಜೆಲ್‌ಕೋಟಿಗೆ ವರ್ಣದ್ರವ್ಯವನ್ನು ಕಡ್ಡಿಯ ತುದಿಯಲ್ಲಿ ಹಿಡಿಯುವಷ್ಟೇ ಬೆರೆಸುತ್ತ, ಪ್ರತಿ ಸಲವೂ ಒಂದು ಹನಿಯನ್ನು ದೋಣಿಯ ಮೈಮೇಲೆಯೇ ಇಟ್ಟು ಹಗಲಿನ ಬೆಳಕಿನಲ್ಲಿ ನೋಡಬೇಕಾಗುತ್ತದೆ, ಹನಿಯ ಅಂಚು ಕಣ್ಣಿಗೆ ಕಾಣದಾದಾಗ ಹದ ಸಿಕ್ಕಂತೆ. ಗಟ್ಟಿಯಾಗಿಸುವ ದ್ರವ ಸೇರಿ ಆರಿದ ಮೇಲೆ ಬಣ್ಣ ತುಸು ಬದಲಾಗಬಹುದಾದುದರಿಂದ ಒಂದು ಮಾದರಿಯನ್ನು ಒಣಗಿಸಿ ನೋಡುವುದು ಲೇಸು. ಗಾಳಿ ತಾಗಿದ ಜೆಲ್‌ಕೋಟಿನ ಮೇಲ್ಮೈ ಅಂಟಂಟಾಗಿಯೇ ಉಳಿಯುವ ಕಾರಣ ತೇಪೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಗಟ್ಟಿಯಾದ ಬಳಿಕ ವಾಟರ್ ಪೇಪರ್‌ನಿಂದ, ಮೊದಲು ಒರಟಾದುದರಿಂದ ನಂತರ ನಯವಾದುದರಿಂದ, ನೀರು ಹಾಕುತ್ತ ಉಜ್ಜಿ ಪಾಲಿಶ್ ಮಾಡುತ್ತಾರೆ.