ರೆಕಾರ್ಡಿನ ದನಿ ಕುಗ್ಗುವುದೇಕೆ?

ರೆಕಾರ್ಡು ನುಡಿಸುವ ಯಂತ್ರವನ್ನು ಹೊಸದಾಗಿ ಮನೆಗೆ ತಂದವರು ನನ್ನಲ್ಲಿ ಹೇಳಿಕೊಳ್ಳುವ ಮೊದಲ ದೂರು ಸಾಮಾನ್ಯವಾಗಿ ಒಂದೇ: ತಟ್ಟೆ ತಿರುಗುತ್ತದೆ, ಮುಳ್ಳು ಗೆರೆಯಲ್ಲಿ ಸಾಗುತ್ತದೆ, ಆದರೆ ಹಾಡು ಮಾತ್ರ ನೆರೆಮನೆಯಿಂದ ಬಂದಂತೆ ಕ್ಷೀಣವಾಗಿ ಕೇಳುತ್ತದೆ. ಕೆಲವರು ಸ್ಪೀಕರನ್ನು ಶಂಕಿಸುತ್ತಾರೆ. ಕೆಲವರು ಯಂತ್ರವನ್ನೇ ಅಂಗಡಿಗೆ ಹಿಂದಿರುಗಿಸುತ್ತಾರೆ. ಇನ್ನು ಕೆಲವರು ಮುಳ್ಳಿನ ತಲೆಯ ಮೇಲೊಂದು ನಾಣ್ಯವನ್ನಿರಿಸಿ ಭಾರ ಹೆಚ್ಚಿಸುತ್ತಾರೆ. ಈ ಮೂರನೆಯ ಉಪಾಯದಿಂದ ದನಿ ಏರುವುದಿಲ್ಲ, ರೆಕಾರ್ಡು ಸವೆಯುತ್ತದೆ. ಸವೆದ ಗೆರೆಯನ್ನು ಯಾರೂ ಮರಳಿ ಕೆತ್ತಲಾರರು. ಮರುಮುದ್ರಣ ಕಾಣದ ಹಳೆಯ ತಟ್ಟೆಗಳ ವಿಷಯದಲ್ಲಿ ಇದು ಸಣ್ಣ ನಷ್ಟವಲ್ಲ.

ದನಿ ಕುಗ್ಗುವುದರ ಕಾರಣ ತಿಳಿಯಬೇಕಾದರೆ, ಅದು ಹುಟ್ಟುವುದೆಲ್ಲಿ ಎಂಬುದನ್ನು ಮೊದಲು ನೋಡಬೇಕು. ಗೆರೆಯ ಏರಿಳಿತಕ್ಕೆ ಅನುಗುಣವಾಗಿ ಮುಳ್ಳು ಕಂಪಿಸುತ್ತದೆ. ಕಾರ್ಟ್ರಿಜ್ ಎಂಬ ಪುಟ್ಟ ಗೂಡಿನಲ್ಲಿ ಆ ಕಂಪನ ಒಂದು ಅಯಸ್ಕಾಂತವನ್ನು ಅಲುಗಿಸಿ, ಪಕ್ಕದ ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಈ ವಿದ್ಯುತ್ತಿನ ಪ್ರಮಾಣ ಸುಮಾರು 5 ಮಿಲಿವೋಲ್ಟ್. ಎಂದರೆ ಒಂದು ವೋಲ್ಟಿನ ಇನ್ನೂರನೆಯ ಒಂದು ಭಾಗ. ಅಯಸ್ಕಾಂತದ ಬದಲು ಸುರುಳಿಯೇ ಅಲುಗುವ ಕಾರ್ಟ್ರಿಜ್‌ಗಳೂ ಉಂಟು. ಅವುಗಳಲ್ಲಿ ಹೆಚ್ಚಿನವು ಕೊಡುವುದು ಅರ್ಧ ಮಿಲಿವೋಲ್ಟಿಗಿಂತಲೂ ಕಡಿಮೆ. ಸಿ.ಡಿ. ನುಡಿಸುವ ಯಂತ್ರವಾದರೋ 2 ವೋಲ್ಟಿನವರೆಗೆ ಕೊಡಬಲ್ಲುದು. ಆಂಪ್ಲಿಫೈಯರಿನ ಸಾಮಾನ್ಯ ದ್ವಾರವನ್ನು ಇಂತಹ ಬಲವಾದ ಅತಿಥಿಗಳಿಗಾಗಿ ರಚಿಸಿರುತ್ತಾರೆ. ಅದರ ಹೆಸರು 'ಲೈನ್'. ಮುಳ್ಳಿನ ಮೆಲುದನಿ ಆ ದ್ವಾರದಲ್ಲಿ ನಿಂತು ಕೂಗಿದರೆ ಒಳಗಿನವರಿಗೆ ಕೇಳುವುದು ಹೇಗೆ?

ಇದಕ್ಕಾಗಿಯೇ 'ಫೋನೋ' ಎಂಬ ಇನ್ನೊಂದು ದ್ವಾರವಿದೆ. ಅದರ ಹಿಂದಿರುವ ಪೂರ್ವವರ್ಧಕ ಈ ಕಿರುವಿದ್ಯುತ್ತನ್ನು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ. ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡುತ್ತದೆ. ರೆಕಾರ್ಡು ಕೆತ್ತುವಾಗ ಮಂದ್ರಸ್ವರಗಳನ್ನು ತಗ್ಗಿಸಿ, ತಾರಸ್ವರಗಳನ್ನು ಏರಿಸಿ ಕೆತ್ತುವುದು ರೂಢಿ. ಮಂದ್ರವನ್ನು ಇದ್ದಂತೆಯೇ ಕೆತ್ತಿದರೆ ಗೆರೆ ಅಗಲವಾಗಿ ಓಲಾಡಿ ಪಕ್ಕದ ಗೆರೆಯನ್ನು ತಾಕುತ್ತದೆ. ಈ ಏರಿಳಿಕೆಯ ಪ್ರಮಾಣವನ್ನು ಅಮೆರಿಕದ ರೆಕಾರ್ಡಿಂಗ್ ಉದ್ಯಮದವರ ಸಂಘ 1954ರಲ್ಲಿ ಒಂದು ನಿಯಮಕ್ಕೆ ತಂದಿತು. ಪೂರ್ವವರ್ಧಕ ಅದನ್ನು ತಿರುವುಮುರುವು ಮಾಡಿ ಹಾಡನ್ನು ಮೊದಲಿನ ರೂಪಕ್ಕೆ ತರುತ್ತದೆ. ಆದುದರಿಂದ ದನಿ ಕ್ಷೀಣವಾಗಿರುವುದಷ್ಟೇ ಅಲ್ಲದೆ ಮೃದಂಗದ ಗುಮುಕು ಕಾಣೆಯಾಗಿ, ಎಲ್ಲವೂ ತಗಡು ಬಡಿದಂತೆ ಕೇಳುತ್ತಿದ್ದರೆ, ಸಂಶಯವೇ ಬೇಡ: ನಡುವೆ ಪೂರ್ವವರ್ಧಕವಿಲ್ಲ. ದನಿ ಕ್ಷೀಣವಾಗಿದ್ದರೂ ಮಂದ್ರ ಸರಿಯಾಗಿದ್ದರೆ, ಸುರುಳಿ ಅಲುಗುವ ಕಾರ್ಟ್ರಿಜ್ಜನ್ನು ಅಯಸ್ಕಾಂತದ ಬಗೆಗೆ ಮೀಸಲಾದ ದ್ವಾರಕ್ಕೆ ಜೋಡಿಸಿರಬಹುದು. ಅದಕ್ಕೆ ಬೇಕಾದುದು ಸಾವಿರ ಪಟ್ಟು ವರ್ಧನೆ. ದನಿ ಅಬ್ಬರಿಸಿ ಒಡೆದಂತೆ ಕೇಳಿದರೆ ವರ್ಧನೆ ಎರಡು ಬಾರಿ ನಡೆದಿದೆ ಎಂದರ್ಥ. ಈಚಿನ ಹಲವು ಯಂತ್ರಗಳೊಳಗೆ ಪೂರ್ವವರ್ಧಕ ಅಡಗಿರುತ್ತದೆ. ಅದನ್ನು ಬಳಸುವ, ಬಿಡುವ ಪುಟ್ಟ ಸ್ವಿಚ್ಚು ಬೆನ್ನಿನ ಕಡೆ ಇರುತ್ತದೆ.

ಇಂದು ಅನೇಕ ತರುಣರು ಮನೆಯಲ್ಲಿ ಎರಡು ಟರ್ನ್‌ಟೇಬಲ್‌ಗಳನ್ನು ಜೋಡಿಸಿ, ನಡುವೆ ಮಿಕ್ಸರ್ ಇರಿಸಿ ಡಿ.ಜೆ. ಅಭ್ಯಾಸ ಮಾಡುತ್ತಾರೆ. ಈ ಕಲೆಯ ಒಂದು ತವರು ನ್ಯೂಯಾರ್ಕಿನ ಬ್ರಾಂಕ್ಸ್. ಅಲ್ಲಿ 1973ರಲ್ಲಿ ಕೂಟಗಳನ್ನು ನಡೆಸತೊಡಗಿದ ಕೂಲ್ ಹರ್ಕ್ ಎಂಬಾತ, ಒಂದೇ ಹಾಡಿನ ಎರಡು ಪ್ರತಿಗಳನ್ನು ಎರಡು ತಟ್ಟೆಗಳ ಮೇಲಿಟ್ಟು, ತಾಳದ ತುಣುಕನ್ನು ಮತ್ತೆ ಮತ್ತೆ ಮುಂದುವರಿಸುವ ವಿಧಾನಕ್ಕೆ ಹೆಸರಾದ. ನನ್ನ ಸೋದರಳಿಯನೂ ಅಂತಹದೊಂದು ಜೋಡಿಯನ್ನು ಕೂಡಿಸಿ, ಎರಡರ ದನಿಯೂ ಸಾಲದೆಂದು ನನ್ನನ್ನು ಕರೆಸಿದ್ದ. ಎರಡು ಯಂತ್ರಗಳಿರುವುದೇ ಪರೀಕ್ಷಕನಿಗೆ ಒಂದು ವರ. ಎರಡೂ ಸಮನಾಗಿ ಕುಗ್ಗಿದ್ದರೆ, ಎರಡೂ ಯಂತ್ರಗಳು ಒಮ್ಮೆಗೇ ಕೆಟ್ಟಿರುವುದು ಅಪರೂಪ. ದೋಷವನ್ನು ಜೋಡಣೆಯಲ್ಲಿಯೋ ಮಿಕ್ಸರಿನಲ್ಲಿಯೋ ಅದರಾಚೆಯೋ ಹುಡುಕಬೇಕು. ಒಂದು ಮಾತ್ರ ಕುಗ್ಗಿದ್ದರೆ ಮೊದಲು ಆ ಯಂತ್ರವನ್ನೂ ಅದು ಸೇರುವ ದ್ವಾರವನ್ನೂ ನೋಡಬೇಕು. ಮಿಕ್ಸರಿನ ದೀಪಸಾಲು ಇನ್ನೊಬ್ಬ ಸಾಕ್ಷಿ. ಹಾಡಿನ ಏರುಭಾಗದಲ್ಲಿ ದೀಪಗಳು ತಕ್ಕ ಎತ್ತರಕ್ಕೆ ಏರಿಯೂ ಕೋಣೆಯಲ್ಲಿ ದನಿಯಿಲ್ಲದಿದ್ದರೆ ಲೋಪ ಮಿಕ್ಸರಿನ ಮುಂದಿದೆ. ದೀಪಗಳೇ ಏರದಿದ್ದರೆ ಲೋಪ ಹಿಂದಿದೆ. ಅಳಿಯನ ಮನೆಯಲ್ಲಿ ದೀಪಗಳು ಏಳಲೇ ಇಲ್ಲ. ಪ್ರತಿಯೊಂದು ದಾರಿಯ ಮೇಲಿದ್ದ ಸ್ವಿಚ್ಚು 'ಲೈನ್' ಕಡೆಗಿತ್ತು. ಅದನ್ನು 'ಫೋನೋ' ಕಡೆಗೆ ಸರಿಸಿ, ಒಳಬರುವ ದನಿಯನ್ನು ಹೊಂದಿಸುವ ಗುಂಡಿಯನ್ನು ತುಸು ತಿರುಗಿಸಿದೊಡನೆ ಕೋಣೆ ತುಂಬಿತು.

ಒಂದು ಬದಿಯ ಸ್ಪೀಕರ್ ಮಾತ್ರ ಮಂಕಾಗಿದ್ದರೆ ಉಪಾಯ ಬೇರೆ. ಆಂಪ್ಲಿಫೈಯರನ್ನು ಆರಿಸಿ, ಟರ್ನ್‌ಟೇಬಲಿನಿಂದ ಬರುವ ಎಡಬಲದ ತಂತಿಗಳನ್ನು ಅದಲುಬದಲು ಮಾಡಿ ಕೇಳಿ. ಮಂಕು ಇನ್ನೊಂದು ಬದಿಗೆ ಹೋದರೆ ದೋಷ ಮುಳ್ಳಿನ ಕಡೆ. ಇದ್ದಲ್ಲಿಯೇ ಉಳಿದರೆ ಆಂಪ್ಲಿಫೈಯರ್ ಅಥವಾ ಸ್ಪೀಕರಿನ ಕಡೆ. ಮುಳ್ಳಿನ ಕಡೆಯಾದರೆ ಕಾರ್ಟ್ರಿಜ್ಜಿನ ಹಿಂದಿರುವ ನಾಲ್ಕು ಎಳೆಗಳನ್ನು ನೋಡಿ. ಬಿಳಿ ಮತ್ತು ನೀಲಿ ಎಡಕ್ಕೆ, ಕೆಂಪು ಮತ್ತು ಹಸಿರು ಬಲಕ್ಕೆ. ಅವು ಸಡಿಲವಾಗಿರಬಹುದು, ಕಿಲುಬು ಹಿಡಿದಿರಬಹುದು. ಮುಳ್ಳಿನ ತುದಿಗೆ ಧೂಳಿನ ಉಂಡೆ ಅಂಟಿದ್ದರೆ ಮೃದುವಾದ ಕುಂಚದಿಂದ ಹಿಂದಿನಿಂದ ಮುಂದಕ್ಕೆ ಒರಸಿದರೆ ಸಾಕು. ಭಾರವನ್ನು ಮಾತ್ರ ತಯಾರಕರು ಸೂಚಿಸಿದಷ್ಟೇ ಇಡಿ. ಮನೆಯ ಸಾಮಾನ್ಯ ಮುಳ್ಳುಗಳಿಗೆ ಸುಮಾರು 2 ಗ್ರಾಂ, ಡಿ.ಜೆ. ಮುಳ್ಳುಗಳಿಗೆ 3ರಿಂದ 4 ಗ್ರಾಂ.

ಎಲ್ಲವೂ ಸರಿಯಿದ್ದೂ ದನಿ ತುಸು ಕಡಿಮೆಯೆನಿಸಿದರೆ ಅದು ರೆಕಾರ್ಡಿನ ಸ್ವಭಾವವೂ ಆಗಿರಬಹುದು. ಒಂದು ಮಗ್ಗುಲಿನಲ್ಲಿ ಅರ್ಧ ಗಂಟೆಯ ಸಂಗೀತವನ್ನು ಅಡಕಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ, ಅಂದರೆ ಮೆಲುದನಿಯಲ್ಲಿ, ಕೆತ್ತಬೇಕಾಗುತ್ತದೆ. ನೃತ್ಯಕ್ಕೆಂದು ಒಂದೇ ಹಾಡನ್ನು 12 ಅಂಗುಲದ ತಟ್ಟೆಯಲ್ಲಿ ವಿರಳವಾಗಿ ಕೆತ್ತಿದಾಗ ದನಿ ಗಟ್ಟಿಯಾಗಿರುತ್ತದೆ. ಕಛೇರಿಯ ಎಲ್.ಪಿ.ಯನ್ನು ಅದರೊಡನೆ ಹೋಲಿಸಿ ಯಂತ್ರವನ್ನು ದೂರುವುದು ನ್ಯಾಯವಲ್ಲ. ಅಂತಹ ತಟ್ಟೆಗೆ ವಾಲ್ಯೂಮನ್ನು ತುಸು ಏರಿಸುವುದರಲ್ಲಿ ತಪ್ಪೇನೂ ಇಲ್ಲ.

ಕಾರಣ ತಿಳಿಯದೆ ವಾಲ್ಯೂಮನ್ನು ತುದಿಯವರೆಗೆ ತಿರುಗಿಸುವುದು ಮಾತ್ರ ಅಪಾಯ. ಅನಂತರ ಸರಿಯಾದ ದ್ವಾರ ತೆರೆದ ಕ್ಷಣ, ನೂರು ಪಟ್ಟು ಹಿಗ್ಗಿದ ದನಿ ಸ್ಪೀಕರಿನ ಮೇಲೆ ಎರಗುತ್ತದೆ. ತಂತಿ ಬದಲಿಸುವ ಮೊದಲು ವಾಲ್ಯೂಮನ್ನು ಸೊನ್ನೆಗೆ ಇಳಿಸಿ. ಮುಳ್ಳಿನಿಂದ ಹೊರಟು, ಕಾರ್ಟ್ರಿಜ್, ತಂತಿ, ಪೂರ್ವವರ್ಧಕ, ಮಿಕ್ಸರ್, ಆಂಪ್ಲಿಫೈಯರ್, ಸ್ಪೀಕರ್ ಎಂಬ ಕ್ರಮದಲ್ಲಿ ಒಂದೊಂದೇ ಹೆಜ್ಜೆ ಪರೀಕ್ಷಿಸಿ. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ. ಹಾಗೆ ಮಾಡಿದವರಿಗೆ ಹೊಸ ಯಂತ್ರ ಕೊಳ್ಳುವ ಪ್ರಸಂಗ ಬರುವುದು ಅಪರೂಪ. ಅವರ ರೆಕಾರ್ಡುಗಳು ಮುಂದಿನ ತಲೆಮಾರಿಗೂ ಹಾಡಬಲ್ಲವು.