ಜಾಲದ ಉಗ್ರಾಣ: ಹೆಸರೂ ಹಕ್ಕೂ

ರಾಮಾಪುರ ಎಂಬ ಊರು ಎಲ್ಲಿದೆ? ಈ ಪ್ರಶ್ನೆಯನ್ನು ೧೯೫೫ರಲ್ಲಿ ಕೇಳಿದ್ದರೆ ಮದರಾಸು ರಾಜ್ಯ, ಕೊಯಮತ್ತೂರು ಜಿಲ್ಲೆ, ಕೊಳ್ಳೇಗಾಲ ತಾಲ್ಲೂಕು ಎಂಬುದೇ ಸರಿಯಾದ ಉತ್ತರವಾಗುತ್ತಿತ್ತು. ೧೯೫೬ರ ನವೆಂಬರ್ ೧ರಂದು ರಾಜ್ಯಗಳ ಪುನರ್ವಿಂಗಡಣೆಯಾದ ಮೇಲೆ ಮೈಸೂರು ರಾಜ್ಯ, ಮೈಸೂರು ಜಿಲ್ಲೆ ಎನ್ನಬೇಕಾಯಿತು. ೧೯೭೩ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ೧೯೯೭ರಲ್ಲಿ ಚಾಮರಾಜನಗರವು ಪ್ರತ್ಯೇಕ ಜಿಲ್ಲೆಯಾಯಿತು. ೨೦೧೭ರಲ್ಲಿ ಸರ್ಕಾರವು ಘೋಷಿಸಿದ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಹನೂರು ಸೇರಿದುದರಿಂದ ರಾಮಾಪುರ ಹೋಬಳಿಯು ಕೊಳ್ಳೇಗಾಲವನ್ನು ಬಿಟ್ಟು ಹನೂರಿನ ಪಾಲಿಗೆ ಬಂದಿತು. ಇಷ್ಟಾದರೂ ಮಲೆಮಹದೇಶ್ವರ ಬೆಟ್ಟದ ಸೀಮೆಯಲ್ಲಿರುವ ಆ ನೆಲವು ಒಂದಂಗುಲವೂ ಅತ್ತಿತ್ತ ಸರಿದಿಲ್ಲ. ಬದಲಾದದ್ದು ಅದನ್ನು ಕರೆಯುವ ವಿಳಾಸ ಮಾತ್ರ. ಸಾಲದೆಂಬಂತೆ ರಾಮಾಪುರ, ರಾಮಪುರ, ರಾಂಪುರ ಎಂಬ ಹೆಸರಿನ ಊರುಗಳು ಕನ್ನಡ ನಾಡಿನಲ್ಲಿಯೇ ಹಲವು ಉಂಟು.

ವಸ್ತು ಒಂದೇ ಆಗಿದ್ದು ಹೆಸರು ಬದಲಾಗುವುದು, ಹೆಸರು ಒಂದೇ ಆಗಿದ್ದು ವಸ್ತು ಬೇರೆಯಾಗುವುದು: ಈ ಎರಡು ತೊಡಕುಗಳೂ ಕಂಪ್ಯೂಟರಿನೊಳಗೆ ದಿನನಿತ್ಯವೂ ಸಂಭವಿಸುತ್ತವೆ. ಊರಿನ ವಿಷಯದಲ್ಲಿ ತಪ್ಪಿದರೆ ಕಾಗದವೊಂದು ಬೇರೆ ಅಂಚೆಕಚೇರಿಗೆ ಹೋದೀತು. ಕಂಪ್ಯೂಟರಿನಲ್ಲಿ ತಪ್ಪಿದರೆ ಒಂದು ವರ್ಷದ ಪ್ರಯೋಗದ ಅಂಕಿ ಅಂಶಗಳೆಲ್ಲ ಅಳಿಸಿಹೋಗಬಹುದು. ಅದು ಹೇಗೆಂಬುದನ್ನು ಈಗ ಅನೇಕ ಕಾಲೇಜುಗಳಲ್ಲಿ, ಕಚೇರಿಗಳಲ್ಲಿ, ಮನೆಗಳಲ್ಲಿಯೂ ಬಳಕೆಗೆ ಬಂದಿರುವ ಒಂದು ಸಾಧನದ ಮೂಲಕ ನೋಡೋಣ.

ಹಲವು ಹಾರ್ಡ್ ಡಿಸ್ಕುಗಳನ್ನು ಒಂದು ಪೆಟ್ಟಿಗೆಯಲ್ಲಿರಿಸಿ, ಆ ಪೆಟ್ಟಿಗೆಯನ್ನು ಕಟ್ಟಡದ ಕಂಪ್ಯೂಟರ್ ಜಾಲಕ್ಕೆ ಜೋಡಿಸಿದರೆ ಜಾಲದಲ್ಲಿರುವ ಎಲ್ಲರೂ ಅದರಲ್ಲಿ ಕಡತಗಳನ್ನು ಇಡಬಹುದು, ತೆಗೆಯಬಹುದು. ಇಂಗ್ಲಿಷಿನ ಮೊದಲಕ್ಷರಗಳನ್ನು ಕೂಡಿಸಿ ಇದನ್ನು ‘ನ್ಯಾಸ್’ ಎನ್ನುತ್ತಾರೆ. ಸಂಸ್ಕೃತದಲ್ಲಿ ನ್ಯಾಸವೆಂದರೆ ನಂಬಿ ಇರಿಸಿದ ಇಡುಗಂಟು. ಹೋಲಿಕೆ ಕೇವಲ ಆಕಸ್ಮಿಕ. ಆದರೂ ಇಷ್ಟು ಒಪ್ಪುವ ಆಕಸ್ಮಿಕಗಳು ಅಪರೂಪ. ನಾವು ಇದನ್ನು ಜಾಲದ ಉಗ್ರಾಣವೆಂದು ಕರೆಯೋಣ. ಇದರೊಳಗೂ ಒಂದು ಸಣ್ಣ ಕಂಪ್ಯೂಟರ್ ಇದೆ. ಅದನ್ನು ನಡೆಸುವ ವ್ಯವಸ್ಥೆ ಬಹುಮಟ್ಟಿಗೆ ಲಿನಕ್ಸ್, ಇಲ್ಲವೆ ಅದರ ಬಂಧುವಾದ ಫ್ರೀಬಿಎಸ್‌ಡಿ. ಎರಡಕ್ಕೂ ಮೂಲಪುರುಷನೆಂದರೆ ೧೯೬೯ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಮೊದಲಾದವರು ಆರಂಭಿಸಿದ ಯೂನಿಕ್ಸ್.

ಯೂನಿಕ್ಸಿನ ಒಂದು ವಿಚಾರ ಬಲು ಸೊಗಸಾದುದು. ಅದರಲ್ಲಿ ಕಾಗದಪತ್ರಗಳಷ್ಟೇ ಅಲ್ಲ, ಯಂತ್ರಕ್ಕೆ ಜೋಡಿಸಿದ ಸಾಧನಗಳೂ ಕಡತಗಳಂತೆಯೇ ಕಾಣುತ್ತವೆ. ಒಂದು ಹಾರ್ಡ್ ಡಿಸ್ಕಿಗೂ ಕಡತದಂತೆ ಹೆಸರುಂಟು, ಒಡೆಯನುಂಟು, ಯಾರು ಮುಟ್ಟಬಹುದೆಂಬ ನಿಯಮವುಂಟು. ಲಿನಕ್ಸಿನಲ್ಲಿ ಮೊದಲ ಡಿಸ್ಕಿಗೆ ‘ಎಸ್‌ಡಿಎ’, ಎರಡನೆಯದಕ್ಕೆ ‘ಎಸ್‌ಡಿಬಿ’, ಮೂರನೆಯದಕ್ಕೆ ‘ಎಸ್‌ಡಿಸಿ’ ಎಂದು ಹೆಸರು. ಇಲ್ಲಿ ಮೊದಲನೆಯದು ಎಂದರೇನು? ಯಂತ್ರವನ್ನು ಚಾಲೂ ಮಾಡಿದಾಗ ವ್ಯವಸ್ಥೆಯ ಕಣ್ಣಿಗೆ ಮೊದಲು ಬಿದ್ದದ್ದು, ಅಷ್ಟೆ. ಸಂತೆಗೆ ಬಂದವರಿಗೆ ಬಂದ ಸರದಿಯಂತೆ ಚೀಟಿ ಹಂಚಿದ ಹಾಗೆ. ನಾಳೆಯ ಸಂತೆಯಲ್ಲಿ ಅದೇ ಚೀಟಿ ಅದೇ ಮನುಷ್ಯನ ಕೈಗೆ ಬರಬೇಕೆಂಬ ನಿಯಮವಿಲ್ಲ.

ಒಂದು ಪ್ರಯೋಗಶಾಲೆಯ ಉಗ್ರಾಣದಲ್ಲಿ ಎರಡು ಡಿಸ್ಕುಗಳಿವೆ ಎಂದು ಭಾವಿಸೋಣ. ‘ಎಸ್‌ಡಿಎ’ಯಲ್ಲಿ ವಿದ್ಯಾರ್ಥಿಗಳ ಅಳತೆಗಳು, ‘ಎಸ್‌ಡಿಬಿ’ ಎಂಬುದು ಪ್ರತಿ ಭಾನುವಾರ ರಾತ್ರಿ ಪೂರ್ತಿ ಒರೆಸಿ ಹೊಸದಾಗಿ ನಕಲು ತೆಗೆಯುವ ಡಿಸ್ಕು. ಮೇಲ್ವಿಚಾರಕರು ಈ ಹೆಸರುಗಳನ್ನೇ ಬಳಸಿ ಒಂದು ಆಜ್ಞಾಪಟ್ಟಿಯನ್ನು ಬರೆದಿಟ್ಟಿದ್ದಾರೆ. ಒಂದು ದಿನ ವಿದ್ಯುತ್ತು ಹೋಗಿ ಬರುತ್ತದೆ. ಎರಡನೆಯ ಡಿಸ್ಕು ಮೊದಲನೆಯದಕ್ಕಿಂತ ಕಾಲು ಸೆಕೆಂಡು ಮುಂಚೆ ಎಚ್ಚರಗೊಳ್ಳುತ್ತದೆ. ಹೆಸರುಗಳು ಅದಲುಬದಲಾಗುತ್ತವೆ. ಯಂತ್ರದಲ್ಲಿ ಯಾವ ದೋಷವೂ ಇಲ್ಲ, ಆಜ್ಞೆಯಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೂ ಭಾನುವಾರ ರಾತ್ರಿ ಒರೆಸಿಹೋಗುವುದು ವಿದ್ಯಾರ್ಥಿಗಳ ಅಳತೆಗಳು. ತಪ್ಪಿದ್ದು ಹೆಸರಿನ ಮೇಲೆ ಇಟ್ಟ ನಂಬಿಕೆಯಲ್ಲಿ.

ಹಾಗಾದರೆ ಡಿಸ್ಕಿನ ನಿಜವಾದ ಗುರುತು ಯಾವುದು? ಎರಡು ಬಗೆಯ ಗುರುತುಗಳಿವೆ. ಒಂದು, ಕಾರ್ಖಾನೆಯಲ್ಲಿಯೇ ಅದಕ್ಕೆ ಕೊಟ್ಟ ಅನುಕ್ರಮಸಂಖ್ಯೆ. ಇನ್ನೊಂದು, ಡಿಸ್ಕನ್ನು ಬಳಕೆಗೆ ಸಿದ್ಧಗೊಳಿಸುವಾಗ ಅದರ ಮೇಲೆ ಬರೆಯುವ ‘ಯುಯುಐಡಿ’ ಎಂಬ ೧೨೮ ಬಿಟ್ಟುಗಳ ಸಂಖ್ಯೆ. ಎರಡನ್ನು ೧೨೮ ಬಾರಿ ಗುಣಿಸಿಕೊಂಡು ಹೋದರೆ ೩೯ ಅಂಕಿಗಳ ಸಂಖ್ಯೆ ಬರುತ್ತದೆ. ಅಷ್ಟು ದೊಡ್ಡ ರಾಶಿಯಿಂದ ಕಣ್ಣುಮುಚ್ಚಿ ಎತ್ತಿದ ಎರಡು ಸಂಖ್ಯೆಗಳು ಒಂದೇ ಆಗುವ ಸಂಭವವನ್ನು ವ್ಯವಹಾರದಲ್ಲಿ ಸೊನ್ನೆಯೆಂದೇ ಎಣಿಸಬಹುದು. ಆದರೆ ಒಂದು ಎಚ್ಚರಿಕೆ ಅಗತ್ಯ. ಡಿಸ್ಕನ್ನು ಬಿಟ್ಟು ಬಿಟ್ಟಾಗಿ ಇನ್ನೊಂದು ಡಿಸ್ಕಿಗೆ ನಕಲು ಮಾಡಿದರೆ ಯುಯುಐಡಿಯೂ ನಕಲಾಗುತ್ತದೆ. ಅನುಕ್ರಮಸಂಖ್ಯೆ ಮಾತ್ರ ನಕಲಾಗದು. ಮೊದಲನೆಯದು ಬರಹದ ಗುರುತು, ಎರಡನೆಯದು ಒಡಲಿನ ಗುರುತು.

ನೆಲದ ವಿಷಯದಲ್ಲಿಯೂ ಇಂತಹ ಪ್ರಯತ್ನ ನಡೆದಿದೆ. ಇಂದು ಪಹಣಿಯನ್ನು ನೋಡಬೇಕಾದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ಹಿಸ್ಸಾ ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕು. ರಾಮಾಪುರದಂತಹ ಹೋಬಳಿಯಲ್ಲಿ ಈ ಮೆಟ್ಟಿಲುಗಳೇ ಬದಲಾಗಿವೆ. ಭಾರತ ಸರ್ಕಾರದ ಭೂಸಂಪನ್ಮೂಲ ಇಲಾಖೆಯು ೨೦೨೧ರಿಂದ ರಾಜ್ಯಗಳಲ್ಲಿ ಜಾರಿಗೆ ತರತೊಡಗಿದ ಭೂ-ಆಧಾರ್ ಎಂಬ ೧೪ ಅಕ್ಷರಾಂಕಗಳ ಗುರುತು, ಹೊಲದ ಮೂಲೆಗಳ ಅಕ್ಷಾಂಶ ರೇಖಾಂಶಗಳಿಂದಲೇ ಹುಟ್ಟುವಂಥದು. ತಾಲ್ಲೂಕು ಯಾವುದಾದರೂ ಆಗಲಿ, ಹೊಲವಿರುವಲ್ಲಿಯೇ ಇದ್ದರೆ ಅದು ಬದಲಾಗಬೇಕಾದುದಿಲ್ಲ.

ಲಿನಕ್ಸಿನಲ್ಲಿ ಈ ಕೆಲಸಕ್ಕೆಂದು ೨೦೦೩ರಿಂದ ‘ಯೂಡೆವ್’ ಎಂಬ ವ್ಯವಸ್ಥೆ ಇದೆ. ಹೊಸ ಸಾಧನವೊಂದು ಕಂಡೊಡನೆಯೇ ಯೂಡೆವ್ ತನ್ನ ನಿಯಮಗಳ ಪಟ್ಟಿಯನ್ನು ತೆರೆದು ಓದುತ್ತದೆ. ನಾವು ಬರೆಯುವ ನಿಯಮ ಹೀಗಿರಬಹುದು: ಇಂತಹ ಅನುಕ್ರಮಸಂಖ್ಯೆಯ ಡಿಸ್ಕು ಬಂದರೆ ಅದಕ್ಕೆ ‘ಅಳತೆ’ ಎಂಬ ಹೆಸರನ್ನೂ ಕೊಡು, ಅದರ ಗುಂಪು ‘ಡಿಸ್ಕ್’ ಆಗಲಿ, ಅನುಮತಿ ೬೬೦ ಇರಲಿ. ‘ಎಸ್‌ಡಿಎ’ ಎಂಬ ಹಳೆಯ ಹೆಸರು ಅಳಿಯುವುದಿಲ್ಲ, ‘ಅಳತೆ’ ಎಂಬುದು ಅದಕ್ಕೆ ಅಂಟಿಸಿದ ಇನ್ನೊಂದು ಹೆಸರು. ಆಜ್ಞಾಪಟ್ಟಿಯಲ್ಲಿ ಈ ಎರಡನೆಯ ಹೆಸರನ್ನು ಬಳಸಿದರೆ ಕಾಲು ಸೆಕೆಂಡಿನ ಅಪಾಯ ತಪ್ಪಿತು. ನಿಯಮದ ಕಡತಗಳ ಹೆಸರು ಸಾಮಾನ್ಯವಾಗಿ ಸಂಖ್ಯೆಯಿಂದ ಆರಂಭವಾಗುತ್ತದೆ. ವ್ಯವಸ್ಥೆಯ ಜೊತೆಗೆ ಬಂದ ಪೂರ್ವನಿಯಮಗಳು ೫೦ರಲ್ಲಿದ್ದರೆ ನಮ್ಮವನ್ನು ೯೦ರಲ್ಲಿ ಇಡುವುದು ವಾಡಿಕೆ. ಓದುವುದು ಆ ಕ್ರಮದಲ್ಲಿಯೇ. ಒಂದೇ ವಿಷಯದಲ್ಲಿ ಇಬ್ಬರೂ ಮಾತನಾಡಿದರೆ ಕೊನೆಯ ಮಾತು ನಮ್ಮದಾಗುತ್ತದೆ.

ಈ ೬೬೦ ಎಂದರೇನೆಂದು ಓದುಗರು ಕೇಳುತ್ತಿರಬಹುದು. ಯೂನಿಕ್ಸ್ ಜಗತ್ತಿನಲ್ಲಿ ಪ್ರತಿ ಕಡತಕ್ಕೂ ಮೂರು ವರ್ಗದ ಜನರುಂಟು: ಒಡೆಯ, ಒಡೆಯನ ಗುಂಪಿನವರು, ಮಿಕ್ಕವರು. ಹಕ್ಕುಗಳೂ ಮೂರು: ಓದುವುದು, ಬರೆಯುವುದು, ನಡೆಸುವುದು. ಓದುವುದಕ್ಕೆ ೪, ಬರೆಯುವುದಕ್ಕೆ ೨, ನಡೆಸುವುದಕ್ಕೆ ೧ ಎಂದು ಬೆಲೆ ಕಟ್ಟಿ ಕೂಡಿಸಿದರೆ ಒಂದು ಅಂಕಿ ದೊರೆಯುತ್ತದೆ. ಯಾವ ಹಕ್ಕುಗಳನ್ನು ಕೂಡಿಸಿದರೂ ಮೊತ್ತ ಬೇರೆಬೇರೆಯಾಗುವಂತೆ ಈ ಬೆಲೆಗಳನ್ನು ಆರಿಸಲಾಗಿದೆ. ೬೬೦ ಎಂದರೆ ಒಡೆಯನೂ ಗುಂಪಿನವರೂ ಓದಬಹುದು, ಬರೆಯಬಹುದು. ಮಿಕ್ಕವರಿಗೆ ಏನೂ ಇಲ್ಲ. ಡಿಸ್ಕಿನ ಮೇಲೆ ಮಿಕ್ಕವರಿಗೆ ಏಕೆ ಏನೂ ಇರಕೂಡದು? ಡಿಸ್ಕನ್ನೇ ನೇರವಾಗಿ ಓದಬಲ್ಲವನಿಗೆ ಅದರೊಳಗಿನ ಒಂದೊಂದು ಕಡತಕ್ಕೆ ಹಾಕಿದ ಬೀಗವೂ ಲೆಕ್ಕಕ್ಕಿಲ್ಲ. ಮನೆಯ ಬಾಗಿಲುಗಳಿಗೆಲ್ಲ ಬೀಗ ಹಾಕಿ ಹಿತ್ತಿಲ ಗೋಡೆಯನ್ನು ಕೆಡವಿದಂತೆ ಆಗುತ್ತದೆ.

ಇನ್ನು ಹೊಸ ಕಡತಗಳ ಮಾತು. ದಿನಕ್ಕೆ ನೂರಾರು ಕಡತಗಳು ಹುಟ್ಟುವಲ್ಲಿ ಪ್ರತಿಯೊಂದಕ್ಕೂ ಕುಳಿತು ಹಕ್ಕು ಬರೆಯುವವರು ಯಾರು? ಆದುದರಿಂದ ಯಾರೂ ಯೋಚಿಸದಿದ್ದಾಗ ತಾನಾಗಿಯೇ ಅನ್ವಯವಾಗುವ ಪೂರ್ವನಿಯಮವೊಂದು ಬೇಕು. ಇದನ್ನು ‘ಯುಮಾಸ್ಕ್’ ಎನ್ನುತ್ತಾರೆ. ಕಡತವು ೬೬೬ ಎಂಬ ಧಾರಾಳವಾದ ಹಕ್ಕಿನೊಡನೆ ಹುಟ್ಟಲು ಬಂದರೆ, ೦೨೨ ಎಂಬ ಮುಸುಕು ಗುಂಪಿನವರ ಮತ್ತು ಮಿಕ್ಕವರ ಬರೆಯುವ ಹಕ್ಕನ್ನು ಮರೆಮಾಡಿ ೬೪೪ ಮಾಡುತ್ತದೆ. ಅಂದರೆ ಎಲ್ಲರೂ ಓದಬಹುದು. ಬಹಳ ಕಾಲದಿಂದ ಹಲವು ವ್ಯವಸ್ಥೆಗಳಲ್ಲಿ ಇರುವುದು ಇದೇ. ಇದು ವ್ಯವಕಲನವೆಂದು ಕೆಲವರು ಹೇಳಿಕೊಡುವುದುಂಟು, ಅದು ತಪ್ಪು. ೦೨೭ನ್ನು ತೆಗೆದುಕೊಂಡು ನೋಡಿ: ಕೊನೆಯ ಅಂಕಿಯಲ್ಲಿ ೬ರಿಂದ ೭ನ್ನು ಕಳೆಯುವುದು ಹೇಗೆ? ಉತ್ತರ ೬೪೦. ಇಲ್ಲದ ಹಕ್ಕನ್ನು ಮುಸುಕು ಕಿತ್ತುಕೊಳ್ಳಲಾರದು, ಇರುವುದನ್ನು ಮರೆಮಾಡುತ್ತದೆ, ಅಷ್ಟೆ. ಹಲವರು ಕೂಡಿ ಕೆಲಸ ಮಾಡುವ ಪ್ರಯೋಗಶಾಲೆಗೆ ೦೦೭ ಒಪ್ಪುತ್ತದೆಂಬುದು ನಮ್ಮ ಅಭಿಪ್ರಾಯ. ಗುಂಪಿನೊಳಗೆ ಪೂರ್ತಿ ಸಹಕಾರ, ಹೊರಗಿನವರಿಗೆ ಬಾಗಿಲು ಮುಚ್ಚಿದೆ.

ಈ ಗುಂಪುಗಳಿಗೂ ಒಡೆಯರಿಗೂ ಉಗ್ರಾಣವು ಇಟ್ಟುಕೊಳ್ಳುವ ಗುರುತು ಹೆಸರಲ್ಲ, ಸಂಖ್ಯೆ. ಇಲ್ಲಿ ಕಥೆ ತಿರುಗುಮುರುಗಾಗುತ್ತದೆ. ಅನೇಕ ಲಿನಕ್ಸ್ ಯಂತ್ರಗಳು ಮೊದಲ ಬಳಕೆದಾರನಿಗೆ ೧೦೦೦ ಎಂಬ ಸಂಖ್ಯೆಯನ್ನು ಕೊಡುತ್ತವೆ. ಒಂದು ಯಂತ್ರದಲ್ಲಿ ಮಹದೇವನು ೧೦೦೦, ಪಕ್ಕದ ಯಂತ್ರದಲ್ಲಿ ಸಿದ್ದಮ್ಮನೂ ೧೦೦೦. ಇಬ್ಬರೂ ‘ಎನ್‌ಎಫ್‌ಎಸ್’ ಎಂಬ ಹಳೆಯ ಪದ್ಧತಿಯಲ್ಲಿ, ಬೇರೆ ಯಾವ ಭದ್ರತೆಯೂ ಇಲ್ಲದೆ, ಉಗ್ರಾಣಕ್ಕೆ ಬಂದರೆ ಅದರ ಪಾಲಿಗೆ ಇಬ್ಬರೂ ಒಬ್ಬರೇ! ಒಬ್ಬರ ಕಡತವನ್ನು ಇನ್ನೊಬ್ಬರು ಅಳಿಸಬಹುದು. ಡಿಸ್ಕಿನ ಸಂಖ್ಯೆಯನ್ನು ನಂಬಿದ ನಾವು ಮನುಷ್ಯನ ಸಂಖ್ಯೆಯನ್ನು ಹಾಗೆಯೇ ನಂಬುವಂತಿಲ್ಲ, ಏಕೆಂದರೆ ಇದೂ ಬಂದ ಸರದಿಯ ಚೀಟಿಯೇ. ಇದಕ್ಕಾಗಿ ಎಲ್ಲ ಯಂತ್ರಗಳಿಗೂ ಸೇರಿ ಬಳಕೆದಾರರ ಒಂದೇ ಪಟ್ಟಿ ಬೇಕು. ಯಂತ್ರದ ಸರ್ವಾಧಿಕಾರಿಯ ಸಂಖ್ಯೆ ಎಲ್ಲೆಡೆಯೂ ೦. ಆತ ಜಾಲದ ಆಚೆಯಿಂದ ಬಂದರೆ ಲಿನಕ್ಸಿನ ಎನ್‌ಎಫ್‌ಎಸ್ ಅವನನ್ನು ಪೂರ್ವನಿಯಮದಂತೆಯೇ ಯಾವ ಅಧಿಕಾರವೂ ಇಲ್ಲದ ‘ಯಾರೂ ಅಲ್ಲ’ ಎಂಬ ಬಳಕೆದಾರನನ್ನಾಗಿ ಮಾಡಿಬಿಡುತ್ತದೆ. ಪೂರ್ವನಿಯಮವೆಂದರೆ ಹೀಗಿರಬೇಕು.

ಹಕ್ಕುಗಳ ಈ ಲೆಕ್ಕಾಚಾರವನ್ನು ಕನ್ನಡ ನಾಡು ದೊಡ್ಡ ಪ್ರಮಾಣದಲ್ಲಿ ಒಮ್ಮೆ ಮಾಡಿ ನೋಡಿದೆ. ಕರ್ನಾಟಕದ ‘ಭೂಮಿ’ ಯೋಜನೆಗೆ ಮುಂಚೆ ಕೈಬರಹದ ಪಹಣಿಗಳು ಸುಮಾರು ೯,೦೦೦ ಗ್ರಾಮಲೆಕ್ಕಿಗರ ವಶದಲ್ಲಿದ್ದವು. ಅಂದರೆ ರೈತನಿಗೆ ತನ್ನ ಹೊಲದ ದಾಖಲೆಯನ್ನು ಓದುವ ಹಕ್ಕೂ ಇನ್ನೊಬ್ಬರ ದಯೆಯಿಂದ ದೊರೆಯಬೇಕಾಗಿತ್ತು. ಬರೆಯುವ ಹಕ್ಕಾದರೋ ಬಹುಮಟ್ಟಿಗೆ ಒಂದೇ ಕೈಯಲ್ಲಿ. ೨೦೦೦ದ ಆಸುಪಾಸಿನ ವರ್ಷಗಳಲ್ಲಿ ಸುಮಾರು ೬೭ ಲಕ್ಷ ರೈತರ ೨ ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯಲ್ಲಿ ೧೫ ರೂಪಾಯಿಗೆ ಯಾರು ಬೇಕಾದರೂ ಪಹಣಿಯನ್ನು ಪಡೆಯುವಂತೆ ಮಾಡಲಾಯಿತು. ಬರೆಯುವ ಹಕ್ಕನ್ನು ಕೆಲವೇ ಅಧಿಕಾರಿಗಳಿಗೆ ಮಿತಿಗೊಳಿಸಿ, ಅವರು ಗುಪ್ತಪದದಿಂದಷ್ಟೇ ಅಲ್ಲದೆ ಬೆರಳಚ್ಚನ್ನು ಒತ್ತಿಯೇ ಒಳಹೋಗಬೇಕೆಂದು ಗೊತ್ತುಪಡಿಸಲಾಯಿತು. ಯಾವ ತಿದ್ದುಪಡಿಯನ್ನು ಯಾರು ಮಾಡಿದರೆಂಬುದಕ್ಕೆ ಗುರುತು ಉಳಿಯಿತು. ಓದುವ ಬಾಗಿಲು ಅಗಲ, ಬರೆಯುವ ಬಾಗಿಲು ಕಿರಿದು: ವಿದ್ಯಾರ್ಥಿಯ ಭಾಷೆಯಲ್ಲಿ ಹೇಳುವುದಾದರೆ ಪಹಣಿಯು ೬೬೪ರಂತಹ ಕಡತವಾಯಿತು. ಎಲ್ಲ ಉಗ್ರಾಣಗಳಿಗೂ ಇದೇ ಮಾದರಿಯಲ್ಲ. ನೆಲದ ದಾಖಲೆ ಊರಿಗೆ ತಿಳಿದಿರಬೇಕಾದದ್ದು, ಒಬ್ಬರ ಆರೋಗ್ಯದ ಕಾಗದ ಹಾಗಲ್ಲ.

ಪೂರ್ವನಿಯಮವು ಕೈಬಿಟ್ಟುಹೋದರೆ ಏನಾಗುತ್ತದೆಂಬುದಕ್ಕೆ ೨೦೨೧ರ ಜೂನ್ ತಿಂಗಳು ಸಾಕ್ಷಿ. ವೆಸ್ಟರ್ನ್ ಡಿಜಿಟಲ್ ಕಂಪನಿಯ ಮೈ ಬುಕ್ ಲೈವ್ ಎಂಬ ಹಳೆಯ ಉಗ್ರಾಣವನ್ನು ಅಂತರಜಾಲಕ್ಕೆ ಜೋಡಿಸಿಟ್ಟಿದ್ದ ಹಲವು ದೇಶಗಳ ಜನರು, ತಮ್ಮ ವರ್ಷಗಳ ಕಡತಗಳು ಒಂದೇ ರಾತ್ರಿಯಲ್ಲಿ ಮಾಯವಾದುದನ್ನು ಕಂಡರು. ಸಾಧನವನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವ ಆಜ್ಞೆಗೆ ಗುಪ್ತಪದವನ್ನು ಕೇಳಬೇಕಾಗಿದ್ದ ಸಾಲುಗಳು ತಂತ್ರಾಂಶದಲ್ಲಿ ನಿಷ್ಕ್ರಿಯವಾಗಿದ್ದವು. ೨೦೧೧ರಲ್ಲಿ ತಂತ್ರಾಂಶವನ್ನು ಪುನರ್ರಚಿಸಿದಾಗ ಹಳೆಯ ಕಾವಲನ್ನು ತೆಗೆದು, ಅದರ ಜಾಗದಲ್ಲಿ ಹೊಸದನ್ನು ಸೇರಿಸುವುದು ಬಿಟ್ಟುಹೋಗಿತ್ತೆಂದು ಕಂಪನಿಯೇ ತಿಳಿಸಿತು. ಹತ್ತು ವರ್ಷಗಳ ಕಾಲ ಬಾಗಿಲು ತೆರೆದೇ ಇದ್ದಿತು; ಯಾರೋ ಬಂದು ತಳ್ಳುವವರೆಗೆ ತಿಳಿಯಲಿಲ್ಲ.

ಆದುದರಿಂದ ನಿಯಮವನ್ನು ಬರೆದೊಡನೆ ಕೆಲಸ ಮುಗಿಯುವುದಿಲ್ಲ; ಭೌತಶಾಸ್ತ್ರದಲ್ಲಿರುವಂತೆ ಇಲ್ಲಿಯೂ ಪ್ರಯೋಗ ಬೇಕು. ಒಳಗೆ ಏನೂ ಇಲ್ಲದ ಎರಡು ಡಿಸ್ಕುಗಳನ್ನು ಪೆಟ್ಟಿಗೆಗೆ ಹಾಕಿ, ನಿಯಮಗಳನ್ನು ಬರೆದು, ಯಂತ್ರವನ್ನು ಆರಿಸಿ, ಎರಡರ ತಂತಿಗಳನ್ನು ಅದಲುಬದಲು ಮಾಡಿ ಮತ್ತೆ ಚಾಲೂ ಮಾಡಿರಿ. ‘ಅಳತೆ’ ಎಂಬ ಹೆಸರು ಅದೇ ಅನುಕ್ರಮಸಂಖ್ಯೆಯ ಡಿಸ್ಕನ್ನು ತೋರಿಸುತ್ತಿದೆಯೆ? ಬಳಿಕ ಗುಂಪಿಗೆ ಸೇರಿದ ವಿದ್ಯಾರ್ಥಿಯಾಗಿ ಒಳಹೋಗಿ ಒಂದು ಕಡತವನ್ನು ಹೊಸದಾಗಿ ಉಂಟುಮಾಡಿ ಅದರ ಹಕ್ಕು ೬೬೦ ಆಗಿದೆಯೆ ಎಂದು ನೋಡಿರಿ. ಕೊನೆಗೆ ಗುಂಪಿಗೆ ಸೇರದ ಹೆಸರಿನಿಂದ ಬಂದು ಆ ಕಡತವನ್ನು ತೆರೆಯಲು ಪ್ರಯತ್ನಿಸಿರಿ. ‘ಅನುಮತಿ ಇಲ್ಲ’ ಎಂಬ ಉತ್ತರ ಬಂದ ಮೇಲೆ, ನಿಜವಾದ ಅಳತೆಗಳನ್ನು ಅದರಲ್ಲಿ ತುಂಬಬಹುದು.